ಮೊದಲು ಜಾಕೆಟ್ಟು, ಆಮೇಲೆ ಥೀಮು

ಕಳೆದ ಭಾನುವಾರ ರಾತ್ರಿ ನಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪಲ್ಲಿ ಒಂದು ಪೋಲ್ ಬಂತು. ಡಿಸೆಂಬರ್ ಟ್ರಿಪ್ಪು ಹೊನ್ನಾವರಕ್ಕೆ, ಶರಾವತಿಯಲ್ಲಿ ಬೋಟಿಂಗ್. ಎಲ್ಲಿಗೆ ಹೋಗೋದು ಅಂತ ಮೂರು ವಾರ ಜಗಳ ಆಡಿದ್ವಿ. ಬಸ್ಸು ಯಾವುದು ಅಂತ ಇನ್ನೂ ಗೊತ್ತಿಲ್ಲ, ಊಟ ಎಲ್ಲಿ ಅಂತ ಯಾರೂ ಕೇಳಿಲ್ಲ. ಆದರೆ ದೋಣಿಯಲ್ಲಿ ಏನು ಹಾಕ್ಕೊಂಡು ಕೂರಬೇಕು ಅನ್ನೋದು ಮಾತ್ರ ಹತ್ತೇ ನಿಮಿಷದಲ್ಲಿ ತೀರ್ಮಾನ ಆಯ್ತು: 'ಆಲ್ ವೈಟ್'. ಹುಡುಗರಿಗೆ ಬಿಳಿ ಲಿನನ್ ಶರ್ಟು, ಕೆನೆ ಬಣ್ಣದ ಪ್ಯಾಂಟು. ಹುಡುಗೀರಿಗೆ ಬಿಳಿ ಕುರ್ತಿ ಅಥವಾ ಉದ್ದದ ಗೌನು. ಹೊಳೆ ನೀಲಿ, ತೆಂಗಿನ ತೋಟ ಹಸಿರು, ನಡುವೆ ನಾವೆಲ್ಲ ಬಿಳಿ, ರೀಲ್ಸು ಸೂಪರಾಗಿ ಬರತ್ತೆ ಅಂತ ಒಬ್ಬ ಬರೆದ. ಅದರ ಕೆಳಗೆ ಸಾಲಾಗಿ ಬೆಂಕಿ ಇಮೋಜಿಗಳು.

ನಾನು ವೋಟ್ ಹಾಕಲಿಲ್ಲ. ಏನೋ ಟೈಪ್ ಮಾಡಿದೆ, ಅಳಿಸಿದೆ. ಮತ್ತೆ ಟೈಪ್ ಮಾಡಿದೆ, ಮತ್ತೆ ಅಳಿಸಿದೆ. ಗ್ರೂಪಲ್ಲಿ ಯಾರಾದ್ರೂ ಸ್ವಲ್ಪ ಬುದ್ಧಿವಾದದ ಥರ ಬರೆದ್ರೆ ಸಾಕು, 'ಬಂದ್ರಪ್ಪ ಪ್ರಿನ್ಸಿಪಾಲ್ರು' ಅಂತ ಶುರು ಮಾಡ್ತಾರೆ. ಹೇಳಬೇಕಾಗಿರೋದೂ ಸ್ವಲ್ಪ ಉದ್ದ ಇದೆ. ಅದಕ್ಕೇ ಕನ್ನಡ ಸಂಘದ ಈ ಪುಟದಲ್ಲಿ ಜಾಗ ಕೇಳಿಕೊಂಡು ಬರೀತಿದ್ದೀನಿ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಚೆನ್ನಾಗಿ ಕಾಣಬೇಕು ಅನ್ನೋ ಆಸೆಗೆ ನಾನು ವಿರೋಧಿ ಅಲ್ಲ. ವಾರವಿಡೀ ಲ್ಯಾಬ್ ಕೋಟು, ವರ್ಕ್‌ಶಾಪಿನ ಖಾಕಿ ಹಾಕ್ಕೊಂಡು ಓಡಾಡೋ ನಮಗೆ ವರ್ಷಕ್ಕೊಂದು ಸಲ ನೀಟಾಗಿ ಡ್ರೆಸ್ ಮಾಡ್ಕೊಂಡು ನಿಂತು ಫೋಟೋ ತೆಗೆಸಿಕೊಳ್ಳೋ ಹಕ್ಕು ಇದ್ದೇ ಇದೆ. ನನ್ನ ವಾದ ಇಷ್ಟೇ: ಹೊಳೆಗೆ ಹೋಗೋರು ಬಟ್ಟೆ ಆರಿಸೋದನ್ನ ಲೈಫ್ ಜಾಕೆಟ್ಟಿನಿಂದ ಶುರು ಮಾಡಬೇಕು. ನಾವು ಶರ್ಟಿನಿಂದ ಶುರು ಮಾಡ್ತೀವಿ, ಜಾಕೆಟ್ಟು ಕೊನೆಗೆ ಬಂದು ಆ ಶರ್ಟನ್ನ ಮುಚ್ಚಿಬಿಡತ್ತೆ. ಆಗ ಜಾಕೆಟ್ಟು ನಮಗೆ ಶತ್ರು ಥರ ಕಾಣತ್ತೆ, ಅದನ್ನ ತೆಗೆಯೋಕೆ ನೆಪ ಹುಡುಕ್ತೀವಿ. ಕಳೆದ ಫೆಬ್ರವರಿಯಲ್ಲಿ ಆ ನೆಪ ಹೇಳಿದವನು ನಾನೇ.

ಅವತ್ತು ನಾವು ಎಂಟು ಜನ ಹೋಗಿದ್ವಿ. ಬೆಳಿಗ್ಗೆ ಜೋಗ ನೋಡಿ, ಗೇರುಸೊಪ್ಪದ ಘಟ್ಟ ಇಳಿದು, ಮಧ್ಯಾಹ್ನದ ಹೊತ್ತಿಗೆ ಹೊನ್ನಾವರ ಮುಟ್ಟಿದ್ವಿ. ಜೋಗದಲ್ಲಿ 253 ಮೀಟರ್ ಎತ್ತರದಿಂದ ಬೀಳೋ ಅದೇ ಶರಾವತಿ ಹೊನ್ನಾವರಕ್ಕೆ ಬರೋ ಹೊತ್ತಿಗೆ ಅಗಲವಾಗಿ ಹರಡಿಕೊಂಡು ಏನೂ ಗೊತ್ತಿಲ್ಲದವಳ ಹಾಗೆ ಮಲಗಿರ್ತಾಳೆ. ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ಇರೋದು ಅಲ್ಲೇ, ಎರಡು ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ. ಅಂದ್ರೆ ಹೊಳೆ ಎಷ್ಟು ಅಗಲ ಅಂತ ನೀವೇ ಲೆಕ್ಕ ಹಾಕಿ. ನಾನು ತುಮಕೂರು ಕಡೆಯವನು. ನಮ್ಮೂರ ಕೆರೆ ಕೋಡಿ ಬಿದ್ದಿದ್ದನ್ನ ಹುಟ್ಟಿದಾಗಿನಿಂದ ಎರಡು ಸಲ ನೋಡಿದ್ದೀನಿ. ಈಜು ಬರಲ್ಲ. ಎಂಟು ಜನರಲ್ಲಿ ಈಜು ಬರ್ತಿದ್ದಿದ್ದು ಒಬ್ಬನಿಗೆ ಮಾತ್ರ.

ಧಕ್ಕೆಯಲ್ಲಿ ದೋಣಿಯವರು ಎಲ್ಲರಿಗೂ ಜಾಕೆಟ್ಟು ಕೊಟ್ಟರು. 'ತಮಾ, ಬಕಲ್ ಹಾಕ್ಕೊ' ಅಂತ ಒಬ್ಬೊಬ್ಬರಿಗೂ ಹೇಳಿದರು. ಕಾಂಡ್ಲಾ ಕಾಡಿನ ಸಂದಿಯಲ್ಲಿ ದೋಣಿ ಹೋಗುವಾಗ ಎಲ್ಲರೂ ಶಿಸ್ತಾಗಿ ಹಾಕ್ಕೊಂಡೇ ಕೂತಿದ್ವಿ. ತಾಪತ್ರಯ ಆಗಿದ್ದು ವಾಪಸ್ ಬಂದು ಧಕ್ಕೆಗೆ ದೋಣಿ ತಾಗಿದ ಮೇಲೆ. ನನ್ನ ರೂಮ್‌ಮೇಟ್ ಟ್ರಿಪ್ಪಿಗೆ ಅಂತಲೇ ಹೊಸ ಬಿಳಿ ಶರ್ಟು, ಹೊಸ ಬಿಳಿ ಸ್ನೀಕರ್ಸ್ ತಗೊಂಡಿದ್ದ, ಕೆಳಗೆ ದಪ್ಪ ಜೀನ್ಸು. ಇಡೀ ಮಧ್ಯಾಹ್ನ ತೆಗೆದ ಒಂದು ಫೋಟೋದಲ್ಲೂ ಶರ್ಟು ಕಂಡಿರಲಿಲ್ಲ. ನಾನು ಫೋನ್ ಹಿಡ್ಕೊಂಡು ಮೆಟ್ಟಿಲ ಮೇಲೆ ನಿಂತು ಹೇಳಿದೆ: 'ಜಾಕೆಟ್ ತೆಗಿಯೋ ಮಗಾ, ಶರ್ಟೇ ಕಾಣ್ತಿಲ್ಲ. ಬಂದಾಯ್ತಲ್ಲ ಇನ್ನೇನು.'

ಅವನು ಜಾಕೆಟ್ ಬಿಚ್ಚಿ ಹಲಗೆ ಮೇಲಿಟ್ಟ. ಒಂದು ಕಾಲು ದೋಣಿಯ ಅಂಚಿನ ಮೇಲೆ, ಇನ್ನೊಂದು ಕಾಲು ಮೆಟ್ಟಿಲ ಮೇಲೆ, ಕೈ ಜೇಬಲ್ಲಿ, ಸಿನಿಮಾ ಪೋಸು. ನಾನು ಒಂದು ಫೋಟೋ ತೆಗೆದೆ. ಎರಡನೇದಕ್ಕೆ ಬೆರಳಿಡೋ ಹೊತ್ತಿಗೆ ಆಚೆ ಇನ್ನೊಂದು ದೋಣಿ ಹಾದುಹೋಯ್ತು. ಅದರ ಅಲೆ ಬಂದು ನಮ್ಮ ದೋಣಿಯನ್ನ ಮೆಟ್ಟಿಲಿಂದ ಒಂದಡಿ ಆಚೆ ತಳ್ಳಿತು. ನೀರು ಇಳಿದಿದ್ದ ಹೊತ್ತು, ಮೆಟ್ಟಿಲ ಮೇಲೆಲ್ಲ ಪಾಚಿ. ಮೆಟ್ಟಿಲ ಮೇಲಿದ್ದ ಸ್ನೀಕರ್ ಜಾರಿತು. ಜೇಬಲ್ಲಿದ್ದ ಕೈ ಹೊರಗೆ ಬರೋಷ್ಟರಲ್ಲಿ ಅವನು ನೀರಲ್ಲಿದ್ದ.

ನೀರು ಎದೆಮಟ್ಟ ಇತ್ತು ಅಷ್ಟೇ. ಆದರೆ ಕೆಳಗೆ ಕೆಸರು. ಸ್ನೀಕರ್ ಕೆಸರಲ್ಲಿ ಹೂತುಕೊಂಡು ಕಾಲು ಎತ್ತೋಕೆ ಆಗಲಿಲ್ಲ. ಅವನು ಗಾಬರಿಯಲ್ಲಿ ಕೂಗೋಕೆ ಹೋಗಿ ಉಪ್ಪುನೀರು ಕುಡಿದ. ದೋಣಿ ವಾಪಸ್ ಮೆಟ್ಟಿಲ ಕಡೆ ತೇಲಿ ಬರ್ತಿತ್ತು, ನಡುವೆ ಅವನ ತಲೆ. ದೋಣಿಯವರು ಹಾರಿ ಬಂದು ಕಾಲಿಂದ ದೋಣಿಯನ್ನ ಆಚೆ ಒತ್ತಿ ಹಿಡಿದರು, ಇಬ್ಬರು ಅವನ ತೋಳು ಹಿಡಿದು ಎಳೆದರು. ಎಳೆದ್ರೆ ಬರ್ತಾ ಇಲ್ಲ. ಮೂರನೆಯವನು ಸೊಂಟದ ಬೆಲ್ಟಿಗೆ ಕೈ ಹಾಕಿ ಎತ್ತಿದ ಮೇಲೆ ಮೇಲೆ ಬಂದ. ಎಲ್ಲ ಸೇರಿ ಒಂದೆರಡು ನಿಮಿಷ. ಮೆಟ್ಟಿಲಿಗೆ ಅಂಟಿದ ಚಿಪ್ಪು ತಾಗಿ ಮೊಣಕಾಲು ಸೀಳಿತ್ತು, ಒಂದು ಸ್ನೀಕರ್ ಕೆಸರಲ್ಲೇ ಉಳೀತು, ಜೇಬಲ್ಲಿದ್ದ ಫೋನು ಸತ್ತಿತ್ತು. ದೋಣಿಯವರು ಬೈಯಲಿಲ್ಲ. 'ಇಲ್ಲಿ ಆಳ ಇಲ್ಲ ಅಂತ ಬಚಾವಾದ್ರಿ. ಇದೇ ಫೋಟೋ ನಡುಹೊಳೆಯಲ್ಲಿ ತೆಗೀತೀವಿ ಅನ್ನೋರೂ ಬರ್ತಾರೆ' ಅಂದರು ಅಷ್ಟೇ.

ಆ ಒಂದು ಫೋಟೋ ಇನ್ನೂ ನನ್ನ ಫೋನಲ್ಲಿದೆ. ನಿಜ ಹೇಳಬೇಕಂದ್ರೆ ಫೋಟೋ ಚೆನ್ನಾಗೇ ಬಂದಿದೆ. ಶರ್ಟು ಪೂರ್ತಿ ಕಾಣತ್ತೆ. ಹಿಂದೆ ಹಲಗೆ ಮೇಲೆ ಕಿತ್ತಳೆ ಜಾಕೆಟ್ಟೂ ಕಾಣತ್ತೆ.

ಜೀನ್ಸು ಮುಳುಗಿಸತ್ತಾ?

ವಾಪಸ್ ಬರೋವಾಗ ಬಸ್ಸಲ್ಲಿ ಎಲ್ಲರೂ ಒಂದೇ ಮಾತು: 'ಜೀನ್ಸ್ ನೀರು ಕುಡಿದು ಭಾರ ಆಯ್ತು, ಅದೇ ಕೆಳಗೆ ಎಳೀತು.' ನಾನೂ ಹಾಗೇ ಅಂದ್ಕೊಂಡಿದ್ದೆ. ಆಮೇಲೆ ಕೂತು ಲೆಕ್ಕ ಹಾಕಿದೆ. ನಾವು ಫ್ಲೂಯಿಡ್ ಮೆಕ್ಯಾನಿಕ್ಸ್ ಪಾಸಾಗಿರೋರು, ಆರ್ಕಿಮಿಡೀಸನನ್ನ ಪರೀಕ್ಷೆ ಮುಗಿದ ತಕ್ಷಣ ಮರೆಯಬಾರದು.

ಒಂದು ಜೀನ್ಸು ಒಣಗಿದ್ದಾಗ 700 ಗ್ರಾಂ ಅಂತ ಇಟ್ಟುಕೊಳ್ಳಿ. ಹತ್ತಿ ನಾರಿನ ಸಾಂದ್ರತೆ ಸುಮಾರು 1.54. ಅಂದ್ರೆ ನೀರೊಳಗೆ ಅದು ಸುಮಾರು 455 ಗ್ರಾಂ ನೀರನ್ನ ಪಕ್ಕಕ್ಕೆ ಸರಿಸತ್ತೆ. ಉಳಿಯೋ ತೂಕ ಸುಮಾರು 245 ಗ್ರಾಂ. ಬಟ್ಟೆ ಹೀರಿಕೊಂಡ ನೀರಿಗೆ ನೀರೊಳಗೆ ತೂಕವೇ ಇಲ್ಲ, ಅದು ಸುತ್ತಲಿನ ನೀರಿನ ಭಾಗ ಇದ್ದ ಹಾಗೆ. ಹಾಗಾಗಿ ಜೀನ್ಸು ಕಲ್ಲಿನ ಥರ ಕೆಳಗೆ ಎಳೆಯಲ್ಲ. 245 ಗ್ರಾಂ ಅಂದ್ರೆ ಒಂದು ದಪ್ಪ ನೋಟ್‌ಬುಕ್ಕು.

ಹಾಗಾದ್ರೆ ಮೂರು ಜನ ಯಾಕೆ ಬೇಕಾಯ್ತು? ಕಷ್ಟ ಎರಡು ಕಡೆ ಇದೆ. ಒಂದು, ಕಾಲು ಬಡಿಯೋವಾಗ. ಸಡಿಲ ಬಟ್ಟೆ, ದಪ್ಪ ಬಟ್ಟೆ ನೀರಿನ ತಡೆಯನ್ನ ಹೆಚ್ಚಿಸತ್ತೆ. ಡ್ರ್ಯಾಗ್ ಸೂತ್ರದಲ್ಲಿ ವೇಗದ ವರ್ಗ ಇದೆ ಅನ್ನೋದು ನೆನಪಿರಬಹುದು. ಗಾಬರಿಯಲ್ಲಿ ಜೋರಾಗಿ ಬಡಿದಷ್ಟೂ ಸುಸ್ತು ಜಾಸ್ತಿ. ಎರಡು, ನೀರಿಂದ ಮೇಲೆ ಬರೋವಾಗ. ನೀರೊಳಗೆ ತೂಕ ಇಲ್ಲದ ಆ ನೀರೆಲ್ಲ ಮೇಲ್ಮೈ ದಾಟಿದ ಕ್ಷಣ ತೂಕವಾಗತ್ತೆ. ಎಷ್ಟು ಅಂತ ಬೇಕಿದ್ರೆ ನೀವೇ ನೋಡಿ: ಹಾಸ್ಟೆಲಲ್ಲಿ ಯಾರ ಹತ್ರನಾದ್ರೂ ಲಗೇಜ್ ತೂಗೋ ಕೊಕ್ಕೆ ತಕ್ಕಡಿ ಇರತ್ತೆ. ಜೀನ್ಸನ್ನ ಒಣಗಿದ್ದಾಗ ಒಂದು ಸಲ, ಬಕೆಟ್ಟಲ್ಲಿ ಅದ್ದಿ ಹಿಂಡದೆ ಎತ್ತಿ ಇನ್ನೊಂದು ಸಲ ತೂಗಿ. ಹಾಗೇ ಒಂದು ಸ್ಪೋರ್ಟ್ಸ್ ಟ್ರ್ಯಾಕ್ ಪ್ಯಾಂಟು ತೂಗಿ. ಎರಡರ ನಡುವಿನ ವ್ಯತ್ಯಾಸವನ್ನ ಇನ್ನೊಬ್ಬರ ತೋಳು ಎತ್ತಬೇಕು.

ಈಗ ಜಾಕೆಟ್ಟಿನ ಲೆಕ್ಕ. ನೀರಲ್ಲಿ ನಮ್ಮ ದೇಹ ಹೆಚ್ಚುಕಡಿಮೆ ತೇಲೋ ಅಂಚಲ್ಲೇ ಇರತ್ತೆ. ಮೂಗು ಬಾಯಿ ಮೇಲಿರೋಕೆ ದೊಡ್ಡವರಿಗೆ ಬೇಕಾಗೋ ಹೆಚ್ಚುವರಿ ಆಸರೆ ಸುಮಾರು 3ರಿಂದ 5 ಕಿಲೋ ಅಷ್ಟೇ. 100 ನ್ಯೂಟನ್ ಅಂತ ಬರೆದಿರೋ ಜಾಕೆಟ್ಟು ಸುಮಾರು 10 ಕಿಲೋ ಆಸರೆ ಕೊಡತ್ತೆ. 50 ನ್ಯೂಟನ್ ಅಂತ ಬರೆದಿದ್ರೆ ಅದು ಈಜು ಬರೋರಿಗೆ, ಸಹಾಯ ಹತ್ರದಲ್ಲೇ ಇರೋ ಕಡೆಗೆ. ಕಾಲರ್ ಹತ್ರದ ಲೇಬಲ್ ಓದಿ, ನಮಗೆ ಓದೋಕೆ ಬರತ್ತಲ್ಲ. 245 ಗ್ರಾಂ ಜೀನ್ಸಿಗೆ ಹೆದರಿ 10 ಕಿಲೋ ಆಸರೆಯನ್ನ ಫೋಟೋಗೋಸ್ಕರ ಬಿಚ್ಚಿಡೋದು ಯಾವ ಇಂಜಿನಿಯರಿಂಗು?

ಬಕಲ್ ಹಾಕದ ಜಾಕೆಟ್ಟೂ ಅಷ್ಟೇ, ಹಾಕಿಲ್ಲದ ಲೆಕ್ಕ. ನೀರಿಗೆ ಬಿದ್ದಾಗ ಜಾಕೆಟ್ಟು ತೇಲತ್ತೆ, ನಾವು ಅದರೊಳಗಿಂದ ಕೆಳಗೆ ಜಾರ್ತೀವಿ, ಅದು ಕಿವಿ ತನಕ ಬಂದು ನಿಲ್ಲತ್ತೆ. ಹಾಕ್ಕೊಂಡ ಮೇಲೆ ಸ್ನೇಹಿತನಿಗೆ ಹೇಳಿ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಸಿ. ಗಲ್ಲ ದಾಟಿ ಮೇಲೆ ಬಂದ್ರೆ ಪಟ್ಟಿ ಬಿಗಿ ಮಾಡಬೇಕು, ಇಲ್ಲಾ ಚಿಕ್ಕ ಸೈಜು ಕೇಳಬೇಕು. ಹತ್ತು ಸೆಕೆಂಡಿನ ಕೆಲಸ.

ಇದೆಲ್ಲ ಹೆದರಿಸೋಕೆ ಹೇಳ್ತಿಲ್ಲ. ಆದರೆ 2019ರ ಜನವರಿ 21ರಂದು ಕಾರವಾರದ ಹತ್ರ, ಕೂರ್ಮಗಡದ ಜಾತ್ರೆಯಿಂದ ವಾಪಸ್ ಬರ್ತಿದ್ದ ದೋಣಿ ಮಗುಚಿ 16 ಜನ ತೀರಿಹೋದರು. 2024ರ ಜನವರಿ 18ರಂದು ವಡೋದರಾದ ಹರ್ನಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು. ಎರಡೂ ಕಡೆ ಹೋದವರು ನಮ್ಮ ಹಾಗೇ ಒಂದು ದಿನದ ಖುಷಿಗೆ ಹೊರಟಿದ್ದವರು. ಇಂಥ ಕಡೆ ಬಟ್ಟೆ ಒಂದೇ ಉಳಿಸತ್ತೆ ಅಂತ ನಾನು ಹೇಳಲ್ಲ. ದೋಣಿಗೆ ಜಾಸ್ತಿ ಜನ ತುಂಬಿದ್ರೆ ಹತ್ತಬಾರದು, ಎಲ್ಲರಿಗೂ ಜಾಕೆಟ್ಟು ಇಲ್ಲದಿದ್ರೆ ಹತ್ತಬಾರದು. ಅದು ಬಟ್ಟೆಗಿಂತ ಮೊದಲಿನ ತೀರ್ಮಾನ. ಆದರೆ ಜಾಕೆಟ್ಟು ಕೈಲಿದ್ದೂ ಹಾಕದಿರೋದು ನಮ್ಮದೇ ತೀರ್ಮಾನ ಅಲ್ವಾ?

ಬಿಳಿ ಯಾಕೆ ಬೇಡ

ಥೀಮಿನ ವಿಷಯಕ್ಕೆ ಬರ್ತೀನಿ. ಬಿಳಿ ಹತ್ತಿ ಬಟ್ಟೆ ಒದ್ದೆಯಾದ್ರೆ ಏನಾಗತ್ತೆ ಅಂತ ಎಲ್ಲರಿಗೂ ಗೊತ್ತು, ಯಾರೂ ಗ್ರೂಪಲ್ಲಿ ಹೇಳಲ್ಲ. ಒಣ ಬಟ್ಟೆ ಬೆಳ್ಳಗೆ ಕಾಣೋದು ನಾರಿನ ನಡುವೆ ಗಾಳಿ ಇರೋದರಿಂದ. ನಾರಿಗೂ ಗಾಳಿಗೂ ವಕ್ರೀಭವನದ ವ್ಯತ್ಯಾಸ ಜಾಸ್ತಿ, ಬೆಳಕು ಚದುರತ್ತೆ. ಗಾಳಿಯ ಜಾಗಕ್ಕೆ ನೀರು ಬಂದ್ರೆ ಆ ವ್ಯತ್ಯಾಸ ಕಮ್ಮಿಯಾಗತ್ತೆ, ಬೆಳಕು ಚದುರದೆ ಒಳಗೆ ಹೋಗಿಬರತ್ತೆ. ಬಟ್ಟೆ ಇದ್ದೂ ಇಲ್ಲದ ಹಾಗೆ. ದೋಣಿ ತಿರುಗೋವಾಗ ಹಾರೋ ನೀರು ಸಾಕು ಇದಕ್ಕೆ. ಆಮೇಲೆ ಇಡೀ ಮಧ್ಯಾಹ್ನ ಕೈಕಟ್ಟಿ ಕೂರಬೇಕು, ಮೂವತ್ತು ಜನರ ಕೈಲೂ ಫೋನಿರತ್ತೆ.

ಬಿಸಿಲಿಗೂ ಅದು ಒಳ್ಳೇದಲ್ಲ. ತೆಳು ಬಿಳಿ ಹತ್ತಿ ಟೀಶರ್ಟಿನ ಯುಪಿಎಫ್ ಸುಮಾರು 7, ಒದ್ದೆಯಾದ್ರೆ 3ರ ಆಸುಪಾಸು. ಅಂದ್ರೆ ಮೂರರಲ್ಲೊಂದು ಭಾಗ ನೇರಳಾತೀತ ಕಿರಣ ಒಳಗೇ ಬರತ್ತೆ. ಯುಪಿಎಫ್ 50 ಇದ್ರೆ ಐವತ್ತರಲ್ಲೊಂದು ಭಾಗ. ಒತ್ತಾಗಿ ನೇಯ್ದ ಗಾಢ ಬಣ್ಣದ ಬಟ್ಟೆ ಇದಕ್ಕೆ ಎಷ್ಟೋ ವಾಸಿ. ಇನ್ನು ಕಲೆ. ದೋಣಿಯ ಹಲಗೆ, ಇಂಜಿನ್ನಿನ ಎಣ್ಣೆ, ಕಾಂಡ್ಲಾ ಕೆಸರು. ಬಿಳಿ ಶರ್ಟು ಹಾಕಿ ದೋಣಿಯಲ್ಲಿ ಕೂತವನ ಬೆನ್ನು ನೋಡಿದ್ರೆ ಅವನು ಎಲ್ಲಿ ಒರಗಿದ್ದ ಅಂತ ಹೇಳಬಹುದು.

ಇಷ್ಟೇ ಆಗಿದ್ರೆ ನಾನು ಇಷ್ಟುದ್ದ ಬರೀತಿರಲಿಲ್ಲ. ಪೋಲ್ ಬಂದ ಮಾರನೇ ದಿನ ಕ್ಲಾಸಿನ ಒಬ್ಬ ನಂಗೆ ಪರ್ಸನಲ್ಲಾಗಿ ಮೆಸೇಜ್ ಹಾಕಿದ: 'ನಾನು ಬರಲ್ಲ ಮಗಾ, ಊರಲ್ಲಿ ಕೆಲಸ ಇದೆ.' ಟ್ರಿಪ್ಪಿಗೆ ಅಂತ ಮೂರು ತಿಂಗಳಿಂದ ದುಡ್ಡು ಕೂಡಿಟ್ಟವನು ಅವನು. ಸಂಜೆ ಟೀ ಕುಡಿಯೋವಾಗ ಕೆದಕಿದೆ. ಅವನ ಹತ್ರ ಇರೋ ಒಂದೇ ಒಳ್ಳೆ ಬಿಳಿ ಶರ್ಟು ಪ್ಲೇಸ್‌ಮೆಂಟ್ ಇಂಟರ್‌ವ್ಯೂಗೆ ಅಂತ ಅವನಮ್ಮ ಹೊಲಿಸಿಕೊಟ್ಟಿದ್ದು. ಅದನ್ನ ಹೊಳೆಗೆ ಹಾಕ್ಕೊಂಡು ಹೋಗಲ್ಲ. ಹೊಸ ಶರ್ಟು, ಕೆನೆ ಪ್ಯಾಂಟು, ಶೂ ಅಂದ್ರೆ ಟ್ರಿಪ್ಪಿನ ದುಡ್ಡಿನಷ್ಟೇ ಇನ್ನೊಂದು ಸಲ ಬೇಕು. ಕಲರ್ ಬಟ್ಟೇಲಿ ಬಂದು ಫೋಟೋದಲ್ಲಿ ಒಬ್ಬನೇ ಬೇರೆಯಾಗಿ ನಿಲ್ಲೋಕೆ ಅವನಿಗೆ ಮನಸ್ಸಿಲ್ಲ. 'ನಿಮ್ಮ ಫೋಟೋ ಹಾಳಾಗೋದು ಬೇಡ' ಅಂದ.

ಪೋಲಿಗೆ 'ಯೆಸ್' ಒತ್ತಿದವರಲ್ಲಿ ಯಾರೂ ಕೆಟ್ಟವರಲ್ಲ. ಯಾರೋ ಒಬ್ಬನನ್ನ ಬಿಟ್ಟು ಹೋಗೋಣ ಅಂತ ಯಾರೂ ಒತ್ತಿಲ್ಲ. ಆದರೆ ಥೀಮು ಅಂದ್ರೆ ಎಲ್ಲರ ಜೇಬಿಗೂ ಹಾಕೋ ಒಂದು ಸಣ್ಣ ಟ್ಯಾಕ್ಸು. ಕೆಲವರಿಗೆ ಅದು ಗೊತ್ತೇ ಆಗಲ್ಲ, ಕೆಲವರು ಅದಕ್ಕೇ 'ಊರಲ್ಲಿ ಕೆಲಸ ಇದೆ' ಅಂತಾರೆ.

ಹಾಗಾದ್ರೆ ಏನು ಹಾಕೋದು?

ಬೇಡ ಅಂದವನು ಬೇಕಾದ್ದನ್ನೂ ಹೇಳಬೇಕು. ಜಾಕೆಟ್ಟು ಕಿತ್ತಳೆ ಅಂತ ಒಪ್ಪಿಕೊಂಡು ಅಲ್ಲಿಂದ ಶುರು ಮಾಡೋಣ. ಅದು ಕಿತ್ತಳೆ ಆಗಿರೋದು ನೀರಿನ ಮೇಲೆ ದೂರದಿಂದ ಕಾಣಲಿ ಅಂತ. ಬಣ್ಣದ ಚಕ್ರದಲ್ಲಿ ಕಿತ್ತಳೆಗೆ ಎದುರಿರೋದು ನೀಲಿ. ಎದುರು ಬಣ್ಣಗಳು ಪಕ್ಕಪಕ್ಕ ಬಂದ್ರೆ ಎರಡೂ ಎದ್ದು ಕಾಣತ್ತೆ. ಅಂದ್ರೆ ಗಾಢ ನೀಲಿ ಟೀಶರ್ಟಿನ ಮೇಲೆ ಕಿತ್ತಳೆ ಜಾಕೆಟ್ಟು ಹಾಕಿ ಬಕಲ್ ಬಿಗಿದ್ರೆ ಅದೇ ಒಂದು ಔಟ್‌ಫಿಟ್ಟು. ಇನ್ನು ಅದನ್ನ ಬಿಚ್ಚೋಕೆ ಕಾರಣವೇ ಇಲ್ಲ.

ಆ ಗಾಢ ನೀಲಿ ಟೀಶರ್ಟು ನಮ್ಮೆಲ್ಲರ ಹತ್ರ ಈಗಾಗಲೇ ಇದೆ. ಕಳೆದ ಸ್ಪೋರ್ಟ್ಸ್ ಡೇಗೆ ಡಿಪಾರ್ಟ್‌ಮೆಂಟಿನವರು ಕೊಟ್ಟ ಜರ್ಸಿ. ನೇವಿ ಬ್ಲೂ, ನೂರಕ್ಕೆ ನೂರು ಪಾಲಿಯೆಸ್ಟರು. ಇದನ್ನ ನೋಡಿ ನಗಬೇಡಿ. ಪ್ರಯೋಗಾಲಯದ ಸ್ಟ್ಯಾಂಡರ್ಡ್ ಹವೆಯಲ್ಲಿ, ಅಂದ್ರೆ 65 ಶೇಕಡಾ ಆರ್ದ್ರತೆಯಲ್ಲಿ, ಹತ್ತಿ ತನ್ನ ಒಣ ತೂಕದ ಸುಮಾರು 8 ಶೇಕಡಾ ತೇವ ಹೀರತ್ತೆ, ಪಾಲಿಯೆಸ್ಟರು 0.4 ಶೇಕಡಾ. ಹತ್ತಿಯ ನಾರೇ ನೀರು ಕುಡಿಯತ್ತೆ, ಪಾಲಿಯೆಸ್ಟರಿನಲ್ಲಿ ನೀರು ನಾರಿನ ಸಂದಿಯಲ್ಲಿ ಕೂರತ್ತೆ ಅಷ್ಟೇ. ಕೊಡವಿ, ಗಾಳಿಗೆ ಕೂತ್ರೆ ಬೇಗ ಒಣಗತ್ತೆ. ಕ್ಲಾಸ್‌ರೂಮಿನ ಸೆಕೆಗೆ ಆ ಜರ್ಸಿ ಹಿಂಸೆ ನಿಜ, ಹೊಳೆಯ ಗಾಳಿಗೆ ಅದೇ ಸರಿ.

ತೋಳಿರೋ ಅಂಗಿಯೇ ಹಾಕಿ. ಬಾಡಿಗೆ ಜಾಕೆಟ್ಟು ನಮಗಿಂತ ಮುಂಚೆ ಎಷ್ಟು ಜನರ ಬೆವರು ಕಂಡಿದೆಯೋ. ತೋಳಿಲ್ಲದ ಬಟ್ಟೆ ಹಾಕಿದ್ರೆ ಅದರ ಅಂಚು ಕಂಕುಳಿಗೆ, ಕತ್ತಿಗೆ ಉಜ್ಜಿ ಕೆಂಪಾಗತ್ತೆ. ಕಾಲರ್ ಇದ್ರೆ ಇನ್ನೂ ಒಳ್ಳೇದು, ಫೋಟೋದಲ್ಲಿ ಜಾಕೆಟ್ಟಿನ ಮೇಲೆ ಕಾಲರ್ ನೀಟಾಗಿ ಕಾಣತ್ತೆ. ಹುಡಿ ಬೇಡ, ಅದರ ಟೋಪಿ ಜಾಕೆಟ್ಟಿನ ಹಿಂದೆ ಗಂಟಾಗಿ ಕೂರತ್ತೆ. ಕೆಳಗೆ ಟ್ರ್ಯಾಕ್ ಪ್ಯಾಂಟು ಅಥವಾ ತೆಳು ನೈಲಾನ್ ಪ್ಯಾಂಟು, ಕಣಕಾಲಿನ ಮೇಲಿರೋ ಉದ್ದ. ಕಪ್ಪೋ ಬೂದಿಯೋ ಇದ್ರೆ ನೀಲಿ ಕಿತ್ತಳೆಯ ಕೆಳಗೆ ಚೆನ್ನಾಗಿ ಹೊಂದತ್ತೆ. ಕಾಲಿಗೆ ಹಿಂದೆ ಪಟ್ಟಿ ಇರೋ ಸ್ಯಾಂಡಲ್ಲು. ಹವಾಯಿ ಚಪ್ಪಲಿ ಕೆಸರಿಗೆ ಬಿಟ್ಟುಕೊಡತ್ತೆ, ಸ್ನೀಕರ್ ಕೆಸರನ್ನ ಬಿಡಲ್ಲ. ಕನ್ನಡಕದವರು ಒಂದು ದಾರ ಕಟ್ಟಿ. ಫೋನು ಜೇಬಲ್ಲಿ ಬೇಡ, ಕತ್ತಿಗೆ ಹಾಕೋ ವಾಟರ್‌ಪ್ರೂಫ್ ಚೀಲ ಸಾಕು. ಆದರೆ ಚೀಲದ ದಾರ ಜಾಕೆಟ್ಟಿನ ಒಳಗಿರಲಿ.

ಹುಡುಗೀರ ಬಟ್ಟೆ ಬಗ್ಗೆ ನಾನು ಪಾಠ ಹೇಳೋಕೆ ಹೋಗಲ್ಲ. ಕ್ಲಾಸಿನ ಇಬ್ಬರು ಗೆಳತಿಯರನ್ನ ಕೇಳಿದೆ, ಅವರು ಹೇಳಿದ್ದನ್ನ ಹಾಗೇ ಬರೀತೀನಿ. 'ಗೌನು ಹಾಕ್ಕೊಂಡು ದೋಣಿ ಹತ್ತೋಕೆ ಒಂದು ಕೈ ಗೌನಿಗೇ ಹೋಗತ್ತೆ. ಹಿಡ್ಕೊಳ್ಳೋಕೆ ಒಂದೇ ಕೈ ಉಳಿಯತ್ತೆ' ಅಂದಳು ಒಬ್ಬಳು. 'ಕೆಲವು ಜಾಕೆಟ್ಟಿಗೆ ಕಾಲಿನ ಸಂದಿಯಿಂದ ಬರೋ ಪಟ್ಟಿ ಇರತ್ತೆ, ಗೌನು ಹಾಕಿದ್ರೆ ಅದನ್ನ ಹೇಗೆ ಕಟ್ಟೋದು?' ಅಂದಳು ಇನ್ನೊಬ್ಬಳು. ಅವರಿಬ್ಬರ ಲೆಕ್ಕದಲ್ಲಿ ಗಿಡ್ಡ ಕುರ್ತಿ, ಗಾಢ ಬಣ್ಣದ ಲೆಗ್ಗಿಂಗ್ಸು, ದುಪಟ್ಟಾ ಬ್ಯಾಗಲ್ಲಿ, ಜಡೆ ಬಿಗಿಯಾಗಿ. ಉದ್ದ ಕಿವಿಯೋಲೆ ಜಾಕೆಟ್ಟಿನ ಕಾಲರಿಗೆ ಸಿಕ್ಕತ್ತೆ, ಅದಕ್ಕೆ ಚಿಕ್ಕ ಓಲೆ. 'ಇಷ್ಟಕ್ಕೂ ಬಿಳಿ ಗೌನು ನಮಗ್ಯಾರಿಗೂ ಬೇಕಾಗಿರಲಿಲ್ಲ, ಎಲ್ಲರೂ ಯೆಸ್ ಅಂದ್ರು ಅಂತ ನಾವೂ ಅಂದ್ವಿ' ಅಂತ ಕೊನೆಗೆ ಹೇಳಿದ್ರು. ಪೋಲ್‌ಗಳು ಹೇಗೆ ನಡೆಯತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಬ್ಯಾಗಲ್ಲಿ ಒಂದು ಜೊತೆ ಒಣ ಬಟ್ಟೆ, ಒಂದು ಟವೆಲ್ಲು ಕಡ್ಡಾಯ. ಹಗಲು ಹೊನ್ನಾವರದಲ್ಲಿ ಡಿಸೆಂಬರಲ್ಲೂ ಬೆವರು ಇಳಿಯತ್ತೆ, ರಾತ್ರಿ ಘಟ್ಟ ಹತ್ತೋವಾಗ ಚಳಿ. ಕಳೆದ ಸಲ ನನ್ನ ರೂಮ್‌ಮೇಟ್ ಇನ್ನೊಬ್ಬನ ಬರ್ಮುಡಾ, ನನ್ನ ಸ್ವೆಟರು, ಒಂದು ಕಾಲಿಗೆ ಮಾತ್ರ ಶೂ ಹಾಕ್ಕೊಂಡು ಕಿಟಕಿ ಮುಚ್ಚದ ಬಸ್ಸಲ್ಲಿ ನಡುಗ್ತಾ ಬಂದ. ನೀವು ಅಷ್ಟೊಂದು ಆಸೆಪಟ್ಟ ಬಿಳಿ ಶರ್ಟಿದ್ರೆ ಅದನ್ನ ಈ ಒಣ ಜೊತೆಯಲ್ಲಿ ಇಟ್ಕೊಳ್ಳಿ. ದೋಣಿ ಇಳಿದು, ಸಂಜೆ ಸಮುದ್ರದ ದಂಡೆಯಲ್ಲಿ ಹಾಕ್ಕೊಂಡು ಎಷ್ಟು ಬೇಕಾದ್ರೂ ಫೋಟೋ ತೆಗೆಸಿಕೊಳ್ಳಿ. ಅಲ್ಲಿ ನಾನೇ ತೆಗೆದುಕೊಡ್ತೀನಿ.

ಬರೋ ತಕರಾರುಗಳು

ಒಂದು ತಕರಾರು ನಂಗೆ ಮೊದಲೇ ಗೊತ್ತು: 'ಅಲ್ಲಿಯ ಜನ ದಿನಾ ಸೀರೆ ಉಟ್ಟು, ಲುಂಗಿ ಕಟ್ಟಿ ಹೊಳೆ ದಾಟ್ತಾರೆ. ಅವರಿಗಿಲ್ಲದ ನಿಯಮ ನಮಗ್ಯಾಕೆ?' ಒಳ್ಳೆ ಪ್ರಶ್ನೆ. ಆದರೆ ಅವರು ಹೇಗೆ ಉಟ್ಟಿರ್ತಾರೆ ನೋಡಿ. ಲುಂಗಿ ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿರ್ತಾರೆ, ಸೆರಗು ಸೊಂಟಕ್ಕೆ ಸಿಕ್ಕಿಸಿರ್ತಾರೆ, ಕಾಲು ಬರಿಗಾಲು. ಲುಂಗಿ ಒಂದು ಕೈಯಲ್ಲಿ ಬಿಚ್ಚಿಹೋಗತ್ತೆ, ಒದ್ದೆ ಜೀನ್ಸು ಎರಡು ಕೈಯಲ್ಲೂ ಬಿಚ್ಚಲ್ಲ. ಜೊತೆಗೆ ಅವರಿಗೆ ನೀರು ಗೊತ್ತು. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ, ಯಾವಾಗ ಯಾವ ಮೆಟ್ಟಿಲು ಜಾರತ್ತೆ ಅಂತ ಕಾಲಿಗೇ ಗೊತ್ತಿರತ್ತೆ. ನಮಗೆ ಅದು ಗೊತ್ತಿಲ್ಲ. ಅಷ್ಟಾದ ಮೇಲೂ ಅವರೂ ಜಾಕೆಟ್ಟು ಹಾಕಿದ್ರೆ ಒಳ್ಳೇದೇ.

ಇನ್ನೊಂದು: 'ಕಾಲೇಜ್ ಲೈಫ್ ಒಂದೇ ಸಲ ಬರೋದು, ನೆನಪಿಗೆ ಒಂದು ಒಳ್ಳೆ ಫೋಟೋ ಬೇಡ್ವಾ?' ಬೇಕು. ಆದರೆ ಹಾಸ್ಟೆಲ್ ಗೋಡೆ ಮೇಲೆ ಅಂಟಿಸಿರೋ ಸೀನಿಯರ್‌ಗಳ ಟ್ರಿಪ್ ಫೋಟೋ ನೋಡೋವಾಗ ನಾವು ಯಾರ ಶರ್ಟನ್ನ ನೋಡ್ತೀವಿ? ಯಾರು ಯಾರ ಹೆಗಲ ಮೇಲೆ ಕೈ ಹಾಕಿದ್ದಾರೆ, ಯಾರು ಕಣ್ಣು ಮುಚ್ಚಿದ್ದಾರೆ, ಯಾರು ಫೋಟೋದಲ್ಲಿ ಇಲ್ಲ ಅಂತ ನೋಡ್ತೀವಿ. ನಾಳೆ ನಮ್ಮ ಫೋಟೋವನ್ನೂ ಹಾಗೇ ನೋಡ್ತಾರೆ. ಅದರಲ್ಲಿ 'ಊರಲ್ಲಿ ಕೆಲಸ ಇದೆ' ಅಂದವನೂ ಇರಬೇಕು ಅನ್ನೋದು ನನ್ನ ಆಸೆ.

ಆದ್ದರಿಂದ ಟ್ರಿಪ್ ಕಮಿಟಿಯವರಿಗೆ ನನ್ನ ಬೇಡಿಕೆ ಎರಡೇ. ಒಂದು, ಆ ಪೋಲ್ ಕ್ಯಾನ್ಸಲ್ ಮಾಡಿ ಹೊಸದು ಹಾಕಿ: ದೋಣಿಗೆ ಡಿಪಾರ್ಟ್‌ಮೆಂಟ್ ಜರ್ಸಿ, ಸಂಜೆ ದಂಡೆಗೆ ಅವರವರಿಗೆ ಇಷ್ಟ ಬಂದಿದ್ದು. ಜರ್ಸಿ ಕಳ್ಕೊಂಡವರು ಹೇಳಿ, ನನ್ನ ಹತ್ರ ಒಂದು ಜಾಸ್ತಿ ಇದೆ. ಎರಡು, ದೋಣಿ ಬುಕ್ ಮಾಡೋವಾಗ ರೇಟಿಗಿಂತ ಮೊದಲು 'ಎಷ್ಟು ಜನ ಕೂರಿಸ್ತೀರಿ, ಅಷ್ಟೂ ಜನಕ್ಕೆ ಜಾಕೆಟ್ ಇದೆಯಾ' ಅಂತ ಕೇಳಿ. ಉತ್ತರ ಸರಿ ಬರದಿದ್ರೆ ಬೇರೆ ದೋಣಿ ನೋಡಿ.

ನನ್ನ ರೂಮ್‌ಮೇಟ್‌ಗೆ ಈ ಲೇಖನ ಕಳಿಸೋ ಮುಂಚೆ ಓದಿ ಹೇಳಿದೆ, ಅವನ ಕಥೆ ಬರೀಬಹುದಾ ಅಂತ ಕೇಳಿದೆ. 'ಬರಿ, ಆದ್ರೆ ಸ್ನೀಕರ್ ರೇಟ್ ಬರೀಬೇಡ, ಅಪ್ಪ ಓದ್ತಾರೆ' ಅಂದ. ಡಿಸೆಂಬರ್ ಟ್ರಿಪ್ಪಿಗೆ ಅವನೂ ಬರ್ತಿದ್ದಾನೆ. ಈ ಸಲವೂ ಫೋಟೋ ತೆಗೆಯೋನು ನಾನೇ. ಧಕ್ಕೆ ಹತ್ತಿ, ಒಣ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆಯೋ ತನಕ ಯಾರ ಬಕಲ್ಲೂ ಬಿಚ್ಚೋ ಹಾಗಿಲ್ಲ.